ಸತ್ತ ಮೇಲೆ ಹಸಿರಾದ ಹವಳ

ಪೋನ್ಸೆ, ಫೆಬ್ರವರಿ ೯

ಪೋನ್ಸೆ ಮನೆಹವಳ ಸಂಘದ ಆಜೀವ ಅಧ್ಯಕ್ಷರೂ, 'ಹೊಸಬರಿಗೆ ಗಟ್ಟಿಮುಟ್ಟಾದ ಹತ್ತು ಕಲ್ಲು ಹವಳಗಳು' ಎಂಬ ಜಗದ್ವಿಖ್ಯಾತ ಪಟ್ಟಿಯ ಕರ್ತೃಗಳೂ, ನೀರು ಕಂಡಲ್ಲೆಲ್ಲ ಅಳೆಯದೆ ಬಿಡದವರೂ ಆದ ದೋನ್ ಲಿಯೊವಿಹಿಲ್ಡೊ ಬುರ್ಗೋಸ್ ಅವರ ಸನ್ನಿಧಿಗೆ, ಪ್ಲಾಯಾ ಬಡಾವಣೆಯಲ್ಲಿ ಶಾಲಾಮಕ್ಕಳ ಸಮವಸ್ತ್ರ ಹೊಲಿದು ಬದುಕುವ ಎರ್ಮಿನಿಯಾ ಸಾಯಾಸ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ, ತಮ್ಮ ಮೂರು ಪಂಪುಗಳೂ, ತಮ್ಮ ನೀಲಿ ದೀಪಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಸಿಟ್ಟು ನೆತ್ತಿಗೇರಿದೆ. ಆದರೆ ಯಾವ ದೂರೇ ಆಗಲಿ ಬರಹದಲ್ಲಿ, ಸವಿನಯವಾಗಿ, ಎಲ್ಲ ಸದಸ್ಯರಿಗೂ ಪ್ರತಿ ತಲುಪುವಂತೆ ಇರತಕ್ಕದ್ದೆಂದು ತಾವೇ ನಿಯಮ ಮಾಡಿರುವುದರಿಂದ, ಹಲ್ಲು ಕಚ್ಚಿಕೊಂಡು ವಿನಯದಿಂದಲೇ ಬರೆಯುತ್ತಿದ್ದೇನೆ. ನನಗೆ ಬೇಕಾದದ್ದು ಒಂದೇ, ನನ್ನ ತಮ್ಮ ಅನ್ಸೆಲ್ಮೊನ ಹವಳ.

ಅನ್ಸೆಲ್ಮೊನನ್ನು ತಾವು ಬಲ್ಲಿರಿ. ಬಸ್ಸು ಓಡಿಸುತ್ತಿದ್ದವನು, ಸಭೆಗಳಲ್ಲಿ ಕೊನೆಯ ಕುರ್ಚಿಯಲ್ಲಿ ಕೂತು ತಮ್ಮ ಭಾಷಣದ ನಡುವೆ ಗೊರಕೆ ಹೊಡೆಯುತ್ತಿದ್ದವನು, ಎರಡು ವರ್ಷದ ಹಿಂದೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಅವನ ಅಂಗಿಗಳನ್ನು ಚರ್ಚಿಗೆ ಕೊಟ್ಟೆ, ಬೂಟುಗಳು ಯಾರ ಕಾಲಿಗೂ ಹಿಡಿಸಲಿಲ್ಲ. ಅವನದೆಂದು ಜೀವಂತ ಉಳಿದದ್ದು ಹನ್ನೊಂದು ವರ್ಷ ಗಾಜಿನ ತೊಟ್ಟಿಯಲ್ಲಿ ಸಾಕಿದ ಒಂದು ತಟ್ಟೆ ಹವಳ, ಅಂಗೈಯಗಲದ್ದು, ಹಾಲು ಬೆರೆಸಿದ ಕಾಫಿಯ ಬಣ್ಣದ್ದು. ಆ ಬಣ್ಣದ್ದರಲ್ಲಿ ಒಂದು ತುಂಡು ಕೊಡೆಂದು ಸಂಘದಲ್ಲಿ ಯಾರೂ ಕೇಳಿದವರಿಲ್ಲ.

ಏಕೆ ಕೇಳಬೇಕು, ತಮ್ಮ ಪಟ್ಟಿ ಇರುವಾಗ? ಹೊಸಬರಿಗೆಂದು ತಾವು ಮೊದಲ ಸ್ಥಾನ ಕೊಟ್ಟದ್ದು ಗುಲಾಬಿ ತುದಿಯ ಕೊಂಬೆ ಹವಳಕ್ಕೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಯುವ ಆ ಸುಕುಮಾರಿಯನ್ನು 'ಗಟ್ಟಿಮುಟ್ಟು' ಎಂದು ಕರೆಯುವುದಕ್ಕೆ ತಮ್ಮಂಥ ಎದೆಗಾರಿಕೆಯೇ ಬೇಕು. ಬಿಸಿಲು ಕಡಿಮೆಯಾದರೂ ನೀರು ತುಸು ಕೊಳೆಯಾದರೂ ಗೊಣಗದೆ ಕೂರುವ ಬಟ್ಟಲು ಹವಳ, ಜೇನುಗೂಡು ಹವಳ, ತಟ್ಟೆ ಹವಳಗಳನ್ನು ಕೊನೆಗೆ ತಳ್ಳಿ, ಪಕ್ಕದಲ್ಲಿ 'ಬಣ್ಣ ಸಾಲದು' ಎಂದು ಷರಾ ಬರೆದಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ತಮ್ಮ ಪಟ್ಟಿಯನ್ನು ನಂಬಿ ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ತೊಟ್ಟಿ ಖಾಲಿ ಮಾಡಿ ಅದರಲ್ಲಿ ಆಮೆ ಸಾಕಿಕೊಂಡಿದ್ದಾರೆ.

ನಾನು ಓದಿದವಳಲ್ಲ. ನನಗೆ ತಿಳಿದದ್ದೆಲ್ಲ ಅನ್ಸೆಲ್ಮೊ ಹೇಳಿಕೊಟ್ಟದ್ದು. "ನೋಡು ಮಿನಿಯಾ, ನೀರಿನ ಅಂಕಿ ಚಂದ ಇರ್ಬೇಕು ಅಂತೇನಿಲ್ಲ, ನಿನ್ನೆ ಇದ್ದಂಗೆ ಇವತ್ತೂ ಇದ್ರೆ ಸಾಕು. ಸುಮ್ಸುಮ್ನೆ ಕೈ ಹಾಕ್ಬೇಡ. ಅದಕ್ಕೆ ಡಾಕ್ಟ್ರು ಬೇಡ ಕಣೆ, ನೆಮ್ಮದಿ ಬೇಕು" ಅನ್ನುತ್ತಿದ್ದ. ತಾವಾದರೋ ಬೆಳಿಗ್ಗೆ ಅಳೆದು ಒಂದು ಮುಚ್ಚಳ ಸುಣ್ಣದ ಸತ್ವ ಸುರಿಯುವಿರಿ, ಮಧ್ಯಾಹ್ನ ಅಳೆದು ಹೆಚ್ಚಾಯಿತೆಂದು ನೀರು ಬದಲಿಸುವಿರಿ, ಸಂಜೆ ಕಡಿಮೆಯಾಯಿತೆಂದು ಮತ್ತೆ ಸುರಿಯುವಿರಿ. ಅಷ್ಟು ಪ್ರೀತಿಯನ್ನು ತಡೆದುಕೊಳ್ಳುವ ಪ್ರಾಣಿ ಸಮುದ್ರದಲ್ಲಿ ಇನ್ನೂ ಹುಟ್ಟಿಲ್ಲ.

ನಮ್ಮ ಸಂಘದಲ್ಲಿ ಮರ್ಯಾದಸ್ಥ ಪದ್ಧತಿ ಒಂದಿದೆ, ಅದು ತಮ್ಮ ಅಧ್ಯಕ್ಷಗಿರಿಗಿಂತ ಹಳೆಯದು. ಜೂನಿನಲ್ಲಿ ಚಂಡಮಾರುತದ ಕಾಲ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಹವಳದ ಒಂದು ತುಂಡನ್ನು ಇನ್ನೊಬ್ಬರ ಮನೆಯಲ್ಲಿ ಕಾವಲಿಗೆ ಇಡಬೇಕು. ಒಂದು ಮನೆಯ ಕರೆಂಟು ಹೋದರೂ ಇನ್ನೊಂದರಲ್ಲಿ ವಂಶ ಉಳಿಯುತ್ತದೆ. ಒಡೆಯರು ಬಂದು ಕೇಳಿದ ದಿನ ಎರಡು ಮಾತಿಲ್ಲದೆ ಹಿಂದಿರುಗಿಸಬೇಕು. ಈ ಸಲ ಚೀಟಿ ಎತ್ತಿದಾಗ ನನ್ನ ತುಂಡು ತಮ್ಮ ಮನೆಗೆ ಬಂತು. ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ತಾವು ಎಲ್ಲರೆದುರು ಕೇಳಿದಿರಿ: "ಇದೇನ್ ದೋನ್ಯಾ, ಹವಳನೋ ಇಲ್ಲ ನಿನ್ನೆ ಬೀನ್ಸ್ ಸಾರಿನ ತಳ ಕೆರ್ಕೊಂಡು ಬಂದ್ರೋ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಅದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅಷ್ಟಾದ ಮೇಲೆ ತಾವು ಅದನ್ನು ಚಂದದ ತೊಟ್ಟಿಗೆ ಹಾಕದೆ, ಹಿಂದಿನ ಶೋಧಕ ಪೆಟ್ಟಿಗೆಯಲ್ಲಿ, ಪಾಚಿ ಬೆಳೆಸುವ ಸಣ್ಣ ಬಲ್ಬಿನ ಕೆಳಗೆ ಎಸೆದಿರಿ.

ಸೆಪ್ಟೆಂಬರಿನಲ್ಲಿ ಗಾಳಿ ಬಂತು. ನಮ್ಮ ಬೀದಿಯಲ್ಲಿ ಹತ್ತೊಂಬತ್ತು ದಿನ ಕರೆಂಟಿರಲಿಲ್ಲ. ಜನರೇಟರಿಗೆ ಎಣ್ಣೆ ಇರುವಷ್ಟು ದಿನ ಅದು ಓಡಿತು, ಆಮೇಲೆ ಬ್ಯಾಟರಿಯ ಗುಳ್ಳೆಯಂತ್ರ, ಅದೂ ಮುಗಿದ ಮೇಲೆ ನಾನು ಕುರ್ಚಿ ಹಾಕಿಕೊಂಡು ಕೂತು, ತೊಟ್ಟಿಯ ನೀರನ್ನು ಲೋಟದಲ್ಲಿ ಮೊಗೆದು ಮೊಗೆದು ಎತ್ತರದಿಂದ ಅದರೊಳಕ್ಕೇ ಸುರಿದೆ, ಹೀಗಾದರೂ ನೀರಿಗೆ ಗಾಳಿ ಸೇರಲೆಂದು. ತೋಳು ಬಾತುಕೊಂಡಾಗ ಎದುರುಮನೆಯವರು ಬಂದು ಸುರಿದರು. ಹನ್ನೆರಡನೆಯ ದಿನ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿಯಾಗಿ, ಹವಳದ ಚರ್ಮ ಸುಲಿದು, ಬಿಳಿಯ ಮೂಳೆ ಕಂಡಿತು. ನಾನು ಅತ್ತೆ. ನನ್ನ ತಮ್ಮ ಎರಡನೆಯ ಸಲ ಸತ್ತ ಹಾಗಾಯಿತು.

ಅಕ್ಟೋಬರಿನಲ್ಲಿ ದಾರಿ ತೆರೆದ ದಿನವೇ ತಮ್ಮ ಮನೆಗೆ ಓಡಿಬಂದೆ. ತಮ್ಮ ಮಾಳಿಗೆಯ ಮೇಲೆ ಸೌರಫಲಕವಿದೆ, ತಮಗೆ ಒಂದು ಗಂಟೆಯೂ ಕರೆಂಟು ಹೋಗಿರಲಿಲ್ಲ. ತಾವು ಬಾಗಿಲಲ್ಲೇ ನಿಂತು ಹೇಳಿದಿರಿ: "ಅಯ್ಯೋ ಅದಾ? ಅದು ಸತ್ತು ತಿಂಗಳಾಯ್ತಲ್ಲ ದೋನ್ಯಾ, ಬಿಸಾಕಿಬಿಟ್ಟೆ. ಕಂದು ಹವಳ ಅಂದ್ರೇನೇ ಅರ್ಧ ಸತ್ತಿದ್ದು, ಪೂರ್ತಿ ಸಾಯೋಕೆ ಎಷ್ಟೊತ್ತು?" ನಾನು ತಮಗೆ ಧನ್ಯವಾದ ಹೇಳಿದೆ. ಸಾಲದ್ದಕ್ಕೆ ಕ್ರಿಸ್ಮಸ್ಸಿಗೆ ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಒಂದು ಡಜನ್ ಪಾಸ್ತೆಲೆಸ್ ಕಳಿಸಿದೆ, ಹಂದಿಮಾಂಸ ಹೆಚ್ಚು ಹಾಕಿ. ಅದನ್ನೀಗ ವಾಪಸ್ ಕೇಳುವಂತಿಲ್ಲ ಎಂಬುದೊಂದೇ ನನ್ನ ಕೊರಗು.

ಜನವರಿಯಲ್ಲಿ ಮೂರು ರಾಜರ ಹಬ್ಬದ ದಿನ ಸಂಘದ ಪತ್ರಿಕೆ ಬಂತು, ಅದರಲ್ಲಿ ತಮ್ಮ ಹೊಸ ಪಟ್ಟಿ. ಗುಲಾಬಿ ಸುಕುಮಾರಿ ಮಾಯ. ಮೊದಲ ಸ್ಥಾನದಲ್ಲಿ 'ಬುರ್ಗೋಸ್ ಮರಕತ', 'ಅಧ್ಯಕ್ಷರು ಸ್ವಗೃಹದಲ್ಲಿ ವರ್ಷಗಟ್ಟಲೆ ತಪಸ್ಸು ಮಾಡಿ ಸಾಧಿಸಿದ ತಟ್ಟೆ ಹವಳ', ಗಿಳಿಯ ಹಾಗೆ ಹಸಿರು. ಚಿತ್ರವೂ ಇತ್ತು, ಅಂಚಿನಲ್ಲಿ ಹವಳ ಇನ್ನೂ ಮುಚ್ಚದ, ಅಡಿಯ ಬಿಲ್ಲೆಯ ಒಂದು ಮೂಲೆಯೂ ಇತ್ತು, ಆ ಮೂಲೆಯಲ್ಲಿ ಎರಡು ಕಪ್ಪು ಚುಕ್ಕಿಗಳೂ ಇದ್ದವು. ಮಾನ್ಯರೇ, ಸಂಘದಲ್ಲಿ ಎಲ್ಲರೂ ಹವಳದ ತುಂಡನ್ನು ಅಂಗಡಿಯ ಬಿಲ್ಲೆಗೆ ಅಂಟಿಸುತ್ತಾರೆ. ಅಂಥದ್ದನ್ನು ಕೊಳ್ಳುವವರು ಹುಚ್ಚರೆಂದು ನನ್ನ ತಮ್ಮ ಅಮ್ಮನ ಡಾಮಿನೊ ಆಟದ ಪೆಟ್ಟಿಗೆಯಿಂದ, ಒಂದು ಬದಿಗೆ ಆರು ಇನ್ನೊಂದು ಬದಿಗೆ ಎರಡು ಕಪ್ಪು ಚುಕ್ಕಿಗಳಿರುವ ಬಿಲ್ಲೆ ಕದ್ದು, ಕಾವಲಿಗಿಡುವ ತುಂಡನ್ನು ಅದಕ್ಕೇ ಅಂಟಿಸಿದ್ದ. ಅದಕ್ಕಾಗಿ ಅಮ್ಮ ಅವನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳು. ವಂಶಾವಳಿಯನ್ನೇ ಬದಲಿಸಬಲ್ಲ ತಾವು ಬಿಲ್ಲೆ ಬದಲಿಸುವಷ್ಟು ಮೈ ಬಗ್ಗಿಸಲಿಲ್ಲ.

ನಡೆದದ್ದು ಊರಿಗೇ ಗೊತ್ತಿದೆ. ಗಾಳಿಯ ದಿನಗಳಲ್ಲಿ ಹೊರಗೆ ಹೋಗಲಾರದೆ ತಾವು ದಿನಕ್ಕೆ ಆರು ಸಲ ಅಳೆದಿರಿ, ಆರು ಸಲ ಸುರಿದಿರಿ, ಚಂದದ ತೊಟ್ಟಿಯಲ್ಲಿದ್ದದ್ದೆಲ್ಲ ಸುಣ್ಣವಾಯಿತು. ತಮ್ಮ ಆರೈಕೆಯಿಂದ ತಪ್ಪಿಸಿಕೊಂಡು ಹಿಂದಿನ ಪೆಟ್ಟಿಗೆಯಲ್ಲಿ ಅಡಗಿದ್ದ ಒಂದೇ ಒಂದು ಬದುಕಿತು. ನೀಲಿ ದೀಪದಡಿ ತಂದಿಟ್ಟಾಗ ಹಸಿರಾಯಿತು. ಗಟ್ಟಿ ಹವಳವನ್ನು ಆರಿಸುವುದು ಹೇಗೆಂದು ಇಷ್ಟು ಖಚಿತವಾಗಿ ತೋರಿಸಿಕೊಟ್ಟ ವಿದ್ವಾಂಸರು ಕೆರಿಬಿಯನ್ನಿನಲ್ಲೇ ಇಲ್ಲ, ತಮಗೆ ನನ್ನ ಅಭಿನಂದನೆಗಳು.

ಆದ್ದರಿಂದ ನನ್ನ ಬೇಡಿಕೆಗಳನ್ನು ಕೃಪೆಯಿಟ್ಟು ಪರಿಶೀಲಿಸಬೇಕು. ಸತ್ತಿತೆಂದು ತಾವು ಅಕ್ಟೋಬರಿನಲ್ಲಿ ಹೇಳಿದ ಹವಳದ ಮರಣಪತ್ರವನ್ನು ತಮ್ಮ ಸಹಿಯೊಡನೆ ದಯಪಾಲಿಸಬೇಕು. ಕಂದು ಬಣ್ಣದ ಹವಳಗಳನ್ನೆಲ್ಲ ಕೂಡಲೇ ತೆರವು ಮಾಡುವಂತೆ ಸಮುದ್ರಕ್ಕೆ ಸಂಘದಿಂದ ಒಂದು ನೋಟೀಸು ಹೋಗಬೇಕು. ಸತ್ತದ್ದನ್ನು ನಾಲ್ಕೇ ತಿಂಗಳಲ್ಲಿ ಹಸಿರಾಗಿಸುವ ವಿದ್ಯೆ ತಮಗೆ ನಿಜವಾಗಿಯೂ ಸಿದ್ಧಿಸಿದ್ದರೆ, ಊರ ಸ್ಮಶಾನದ ಎರಡನೆಯ ಸಾಲಿಗೂ ಒಮ್ಮೆ ಪಾದ ಬೆಳೆಸಬೇಕು, ಅಲ್ಲಿ ನನ್ನ ತಮ್ಮ ಮಲಗಿದ್ದಾನೆ. ಇವುಗಳಲ್ಲಿ ಯಾವುದೂ ಆಗದಿದ್ದರೆ, ಭಾನುವಾರದ ಸಭೆಯಲ್ಲಿ ಎಲ್ಲರೆದುರು ನನ್ನ ಹವಳವನ್ನು ನನ್ನ ಕೈಗೆ ಕೊಡಬೇಕು. ಅನ್ಸೆಲ್ಮೊ ಅದಕ್ಕೆ ಹೆಸರೇ ಇಟ್ಟಿರಲಿಲ್ಲ, ತಾವೂ ಆ ಶ್ರಮ ತೆಗೆದುಕೊಳ್ಳಬೇಡಿ.

ಹೀಗೆ ಬರೆಯಬೇಕೆಂದು ನಿಯಮವಿರುವ ಕಾರಣಕ್ಕೆ ಮಾತ್ರ,
ತಮ್ಮ ವಿಶ್ವಾಸಿ,
ಎರ್ಮಿನಿಯಾ ಸಾಯಾಸ್

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ತಮ್ಮ ಧರ್ಮಪತ್ನಿ ದೋನ್ಯಾ ಬ್ರುನಿಲ್ಡಾ ಅವರು ಅನ್ನದ ಪಾತ್ರೆಯೊಂದನ್ನು ಎದೆಗವಚಿಕೊಂಡು ಬಂದರು. "ತಗೊಳ್ಳಿ ದೋನ್ಯಾ ಎರ್ಮಿನಿಯಾ, ನಿಮ್ಮದು ನಿಮಗೆ ತಂದಿದ್ದೀನಿ. ಅದನ್ನ ನೋಡ್ದಾಗೆಲ್ಲ ಊಟ ಸೇರ್ತಿರ್ಲಿಲ್ಲ" ಎಂದು ಮುಚ್ಚಳ ತೆಗೆದರು. ನೀರಿನೊಳಗೆ ಕೈಯಿಟ್ಟು ಇಬ್ಬರೂ ಅತ್ತೆವು, ಆಮೇಲೆ ಕಾಫಿ ಕುಡಿದೆವು. ಇನ್ನು ಪತ್ರವೇಕೆಂದು ಹರಿಯಹೊರಟರೆ ಅವರೇ ಕೈ ಹಿಡಿದು, "ಛೆ, ಇಷ್ಟು ಚಂದ ಬರ್ದಿದ್ದೀರಿ, ಕಳಿಸಿ ಕಳಿಸಿ" ಎಂದರು. ಪದ್ಧತಿಯಂತೆ ಒಂದು ತುಂಡು ಬೇರೆ ಮನೆಯಲ್ಲಿ ಕಾವಲಿಗಿರಬೇಕಲ್ಲ, ಅದನ್ನು ಅವರ ಕೈಗೇ ಕೊಟ್ಟಿದ್ದೇನೆ. ಅವರು ಅದನ್ನು ಸಣ್ಣ ತೊಟ್ಟಿಯಲ್ಲಿ ಹಾಕಿ ತಮ್ಮ ಮನೆಯ ಅಡಿಗೆಮನೆಯಲ್ಲೇ ಇಡುತ್ತಾರಂತೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ತಾವು ಅಲ್ಲಿಗೆ ಒಮ್ಮೆಯೂ ಕಾಲಿಟ್ಟಿಲ್ಲವಂತೆ.