ಗೆಡ್ಡೆಯ ಕಜ್ಜಿಯೂ ನನ್ನ ಮದುವೆಯೂ

"ಯಜಮಾನ್ರೇ, ಈ ಗೆಡ್ಡೆಗೇನಾಗದೆ?" ಎಂದು ನನಗೆ ನೋಡಿದ್ದ ಹುಡುಗಿಯ ಸೋದರಮಾವ ಕೇಳಿದ. ನಮ್ಮಪ್ಪ ಸೂರಿನ ಕಡೆ ನೋಡಿದ. ನಾನು ಎರಡು ಕೈಗಳನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ನುಣ್ಣನೆಯ ಆಲೂಗೆಡ್ಡೆಗಳನ್ನು ಆರಿಸಿ ಆರಿಸಿ ಗುಡ್ಡೆಯ ಮೇಲೆ ಜೋಡಿಸಿದ್ದವನು ನಾನೇ. ಆದರೆ ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದನ್ನು ಕೀಳುವ ಸೋದರಮಾವನೊಬ್ಬ ಬರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಅವನ ಕೈಯಲ್ಲಿದ್ದ ಗೆಡ್ಡೆ ನೆಲಗಪ್ಪೆಯ ಬೆನ್ನಿನ ಹಾಗಿತ್ತು. ಸಿಪ್ಪೆಯ ತುಂಬ ಕಂದು ಹಕ್ಕಳೆ, ಅಲ್ಲಲ್ಲಿ ಕಿತ್ತುಹೋದ ಗುಳಿ. "ಏನಿಲ್ಲ, ಮಣ್ಣು ಅಂಟ್ಕಂಡದೆ" ಅಂದ ಅಪ್ಪ. ಸೋದರಮಾವ ಅದನ್ನು ತನ್ನ ಮಡಿ ಪಂಚೆಗೆ ಚೆನ್ನಾಗಿ ಉಜ್ಜಿದ. ಮಣ್ಣು ಹೋಯಿತು. ಹಕ್ಕಳೆ ಕೂತೇ ಇತ್ತು.

ಇದನ್ನು ಅಲಂಕಾರ ಮಾಡಿ ಹೇಳಲು ನನಗೆ ಬರುವುದಿಲ್ಲ. ನಾನು ಇಸ್ಕೂಲಿಗೆ ಹೋದದ್ದು ಕಡಿಮೆ. ಮೇಷ್ಟ್ರಿಗೆ ನಾನು ಬೇಡವಾಗಿದ್ದೆ, ನನಗೆ ಮೇಷ್ಟ್ರು ಬೇಡವಾಗಿದ್ದರು. ಇಷ್ಟು ಒಮ್ಮತದಿಂದ ಮುಗಿದ ವಿದ್ಯಾಭ್ಯಾಸ ಚನ್ನರಾಯಪಟ್ಟಣದ ಸೀಮೆಯಲ್ಲಿ ಇನ್ನೊಂದು ಇರಲಾರದು. ಆದ್ದರಿಂದ ನೇರವಾಗಿ ಹೇಳುತ್ತೇನೆ. ನಮ್ಮ ಕಡೆ ಗಂಡಿನ ಮನೆ ನೋಡುವ ಶಾಸ್ತ್ರ ಎಂಬುದೊಂದಿದೆ. ಹುಡುಗಿಯ ಕಡೆಯವರು ಬಂದು ಕೊಟ್ಟಿಗೆ, ಬಾವಿ, ಕಣಜ, ಫಸಲು ಎಲ್ಲವನ್ನೂ ನೋಡುತ್ತಾರೆ. ಎತ್ತಿನ ಹಲ್ಲನ್ನು ಬಾಯಿ ಬಿಡಿಸಿ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಹೊತ್ತು ಉಳಿದಿದ್ದರೆ ಗಂಡನ್ನೂ ನೋಡುತ್ತಾರೆ. ಅದು ಯುದ್ಧದ ಕಾಲ. ಮಿಲಿಟರಿಯವರಿಗೆ ಬೇಕೆಂದು ಹಾಸನದ ಮಂಡಿಯಲ್ಲಿ ಆಲೂಗೆಡ್ಡೆಯನ್ನು ಕಿತ್ತಾಡಿಕೊಂಡು ಎತ್ತುತ್ತಿದ್ದರು. ಹಾಗಾಗಿ ಗೆಡ್ಡೆ ಬೆಳೆಯುವ ಮನೆ ಎಂದರೆ ಹೆಣ್ಣು ಹೆತ್ತವರ ಮುಖ ಅರಳುತ್ತಿತ್ತು. ನನ್ನ ಮುಖ ನೋಡಿ ಯಾರದೂ ಅರಳಿದ್ದಿಲ್ಲ. ಅದಕ್ಕೆ ಮೊದಲೇ ಎರಡು ಕಡೆ ಮಾತು ಮುರಿದುಬಿದ್ದಿತ್ತು. ಅರಕಲಗೂಡಿನ ಕಡೆಯ ಈ ಸಂಬಂಧವೂ ಕೈಬಿಟ್ಟರೆ ಮುಂದೆ ಕೇಳಲು ಮನೆಯೇ ಉಳಿದಿರಲಿಲ್ಲ. ಮೇಲಾಗಿ ಹುಡುಗಿಯನ್ನು ನಾನು ಹೊಳೆನರಸೀಪುರದ ಬಸ್ ನಿಲ್ಲುವ ಕಡೆ ಒಂದು ಸಲ ನೋಡಿದ್ದೆ. ಜಾಗಕ್ಕಾಗಿ ಕಂಡಕ್ಟರನನ್ನು ಬೈಯುತ್ತಿದ್ದಳು. ಅವತ್ತಿನಿಂದ ನನಗೆ ಬೇರೆ ಹೆಣ್ಣು ಬೇಡವಾಗಿತ್ತು.

ಈ ಕಜ್ಜಿ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಮುಂಗಾರಿಗೆ ಮುಂಚೆ, ಸಂಬಂಧದ ಮಾತು ಶುರುವಾದಾಗ, ಹುಡುಗಿಯ ತಂದೆ ಗಾಡಿಯ ತುಂಬ ಬಿತ್ತನೆ ಗೆಡ್ಡೆ ಕಳಿಸಿದ. "ನಮ್ಮ ಹೊಲದ್ದು, ನೀವೂ ಹಾಕಿ" ಎಂಬ ಪ್ರೀತಿ. ಅದನ್ನು ಅಂಗಳದಲ್ಲಿ ಹರಡಿದ್ದಾಗ ಬೇಸಾಯದ ಇನ್ಸ್‌ಪೆಕ್ಟರು ಸೈಕಲ್ ಮೇಲೆ ಬಂದರು. ಟೋಪಿ ತೆಗೆಯದೆ ಒಂದು ಗೆಡ್ಡೆ ಎತ್ತಿ, "ಇದು ಕಜ್ಜಿ ರೋಗ. ಈ ಬಿತ್ತನೆ ನಾಟಬೇಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕ್ರಿಮಿ ಇದರಲ್ಲಿದೆ. ಹೊಲಕ್ಕೆ ಸೇರಿತೆಂದರೆ ವರ್ಷಗಟ್ಟಲೆ ಹೋಗುವುದಿಲ್ಲ" ಎಂದರು.

"ಕಣ್ಣಿಗೆ ಕಾಣ್ದಿದ್ದು ನಿಮಗೆಂಗೆ ಕಾಣ್ತು ಸಾ?" ಅಂದ ಅಪ್ಪ.

"ದುರ್ಬೀನು ಹಾಕಿ ನೋಡಿದ್ದಾರೆ."

"ನಮ್ಮ ಒಲದಾಗೆ ದುರ್ಬೀನು ಇಲ್ಲ ಬುಡಿ. ಅಂಗಾಗಿ ಕ್ರಿಮೀನೂ ಇರಕಿಲ್ಲ."

ಇನ್ಸ್‌ಪೆಕ್ಟರು ಒಳ್ಳೆಯವರು, ಬೈಯಲಿಲ್ಲ. ಸುಣ್ಣ ಹಾಕಬೇಡಿ, ಬೂದಿ ಹಾಕಬೇಡಿ, ಹಸಿ ಗೊಬ್ಬರ ಹಾಕಬೇಡಿ, ಗೆಡ್ಡೆ ಕಟ್ಟುವ ಹೊತ್ತಿಗೆ ನೆಲ ಒಣಗಲು ಬಿಡಬೇಡಿ, ಇವು ನಾಲ್ಕೂ ಆ ಕ್ರಿಮಿಗೆ ಹಬ್ಬ ಎಂದರು. ಕೊನೆಗೆ ಒಂದು ಪೊಟ್ಟಣ ಗಂಧಕ ಕೊಟ್ಟು, "ಒಂದು ಮೂಲೆಯಲ್ಲಾದರೂ ಮಣ್ಣಿಗೆ ಸೇರಿಸಿ ನೋಡಿ" ಎಂದು ಸೈಕಲ್ ಹತ್ತಿದರು. ಅವರು ಬೇಲಿ ದಾಟುವವರೆಗೆ ಅಪ್ಪ ಕೈಮುಗಿದುಕೊಂಡು ನಿಂತಿದ್ದ. ಆಮೇಲೆ ತಿರುಗಿ, "ನೆಂಟರಾಗೋರು ಕಳ್ಸಿರೋ ಬಿತ್ತನೇನ ಚರಂಡಿಗೆ ಸುರಿ ಅಂತಾನಲ್ಲ! ಇವ್ನೇನು ನಮ್ಮುಡುಗನ್ಗೆ ಎಣ್ಣು ಕೊಡ್ತಾನಾ?" ಅಂದ. ಮಾತಿನಲ್ಲಿ ನ್ಯಾಯವಿತ್ತು. ಇನ್ಸ್‌ಪೆಕ್ಟರಿಗೆ ಮಗಳಿರಲಿಲ್ಲ.

ಹಾಗೆಂದು ಅಪ್ಪ ಕ್ರಿಮಿಯನ್ನು ಪೂರ್ತಿ ಕಡೆಗಣಿಸಲಿಲ್ಲ. ಯುಗಾದಿಗೆ ಗೋಡೆಗೆ ಬಳಿದು ಉಳಿದ ಸುಣ್ಣ ಹಿತ್ತಲಲ್ಲಿತ್ತು. "ಸುಣ್ಣ ಒಡೆದ್ರೆ ಗ್ವಾಡೆ ತಿಗಣೇನೇ ಸಾಯ್ತದೆ. ಕಾಣ್ದಿರೋ ಉಳ ಯಾವ ಲೆಕ್ಕ ಕಣ್ಲಾ?" ಎಂದು ಅಷ್ಟನ್ನೂ ಹೊಲಕ್ಕೆ ಹರಡಿಸಿದ. ಒಲೆಯ ಬೂದಿಯನ್ನೂ ಹಾಕಿಸಿದ. ಕುರಿಮಂದೆಯನ್ನು ಹೊಲದಲ್ಲೇ ತಂಗಿಸಿ ಹಸಿ ಗೊಬ್ಬರವನ್ನೂ ಸೇರಿಸಿದ. ನಾಲ್ಕನೆಯದನ್ನು ನಾವು ಮಾಡಬೇಕಾಗಿರಲಿಲ್ಲ. ಗೆಡ್ಡೆ ಕಟ್ಟುವ ಹೊತ್ತಿಗೆ ಮಳೆಯೇ ಕೈಕೊಟ್ಟು ಮಾಡಿಕೊಟ್ಟಿತು. ಆ ಕ್ರಿಮಿಗೆ ಬಾಯಿದ್ದಿದ್ದರೆ ನಮ್ಮಪ್ಪನನ್ನು ಅನ್ನದಾತ ಎಂದು ಕರೆಯುತ್ತಿತ್ತು. ಗಂಧಕದ ಪೊಟ್ಟಣ ಮಾತ್ರ ದೀಪದ ಗೂಡಿನಲ್ಲಿ ಭದ್ರವಾಗಿ ಕೂತಿತ್ತು. "ಗಂಧಕ ಅಚ್ಚೋದು ಮನುಸ್ಯನ ಕಜ್ಜಿಗೆ, ಮಣ್ಣಿಗಲ್ಲ" ಎಂಬುದು ಅಪ್ಪನ ವೈದ್ಯಶಾಸ್ತ್ರ.

ಆ ಶಾಸ್ತ್ರ ನನ್ನ ಮೇಲೆ ಪ್ರಯೋಗವಾಯಿತು. ನೆಂಟರು ಬರುವ ಮುಂಚೆ ಮನೆಗೆ ಮತ್ತೆ ಸುಣ್ಣ ಬಳಿಯಬೇಕಾಯಿತು. ಸುಣ್ಣ ಕಲಸಲು ಕೋಲು ಹುಡುಕುವ ತಾಳ್ಮೆ ನನಗಿಲ್ಲ, ಕೈಯಲ್ಲೇ ಕಲಸಿದೆ. ಗೋಡೆ ಬೆಳ್ಳಗಾಯಿತು, ನನ್ನ ಅಂಗೈ ಸುಲಿದುಹೋಯಿತು. ಅಪ್ಪ ಪೊಟ್ಟಣ ಬಿಚ್ಚಿ, ಗಂಧಕವನ್ನು ಹೊಂಗೆಯೆಣ್ಣೆಯಲ್ಲಿ ಕಲಸಿ ಮೊಣಕೈವರೆಗೆ ಮೆತ್ತಿದ. ಉರಿ ಇನ್ನೂ ಏರಿತು. ಆ ವಾಸನೆಗೆ ನಮ್ಮ ನಾಯಿ ಹೋಗಿ ಪಕ್ಕದ ಮನೆಯ ಜಗಲಿ ಸೇರಿತು.

ಈಗ ಮೊದಲಿನ ಜಾಗಕ್ಕೆ ಬನ್ನಿ. ಸೋದರಮಾವ ಗೆಡ್ಡೆ ಹಿಡಿದುಕೊಂಡೇ ಮೂಗೆಳೆದ. ಗುಡ್ಡೆಯನ್ನು ಮೂಸಿದ. ಅಲ್ಲಿಂದ ಮೂಸುತ್ತ ಮೂಸುತ್ತ ನನ್ನ ಹತ್ತಿರ ಬಂದು ನಿಂತ. "ಎಲ್ಲಪ್ಪ, ಕೈ ತೋರ್ಸು" ಅಂದ. ತೋರಿಸಿದೆ. ಅವನು ಗೆಡ್ಡೆ ನೋಡಿದ, ಕೈ ನೋಡಿದ, ಮತ್ತೆ ಗೆಡ್ಡೆ ನೋಡಿದ. ಅಣ್ಣತಮ್ಮಂದಿರನ್ನು ಗುರುತು ಹಿಡಿದವನಂತೆ ತಲೆಯಾಡಿಸಿದ.

"ಭಾವ, ಏಳಿ, ಓಗಾನ. ಇಲ್ಲಿ ಗೆಡ್ಡೆಗೂ ಕಜ್ಜಿ, ಗಂಡಿಗೂ ಕಜ್ಜಿ. ನಾಳಿಕ್ಕೆ ನಮ್ಮ ಮಗೀಗೂ ಅಂಟ್ಕತದೆ."

ಹುಡುಗಿಯ ತಂದೆ ಎದ್ದು ವಲ್ಲಿ ಹೆಗಲಿಗೆ ಹಾಕಿಕೊಂಡ. ಅಪ್ಪ ಮತ್ತೆ ಸೂರಿನ ಕಡೆ ನೋಡಿದ. ಅಲ್ಲೇನು ಬರೆದಿತ್ತೋ ನನಗೆ ಗೊತ್ತಿಲ್ಲ. ನಾನು "ಸುಣ್ಣ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಂಡಕ್ಟರನನ್ನು ಬೈಯುತ್ತಿದ್ದವಳು ಕಣ್ಣೆದುರೇ ಬಸ್ ಹತ್ತಿ ಹೋದಂತಾಯಿತು. ಆಗ ನಮ್ಮವ್ವ ಅಡುಗೆಮನೆಯಿಂದ ಈಚೆ ಬಂದಳು.

"ಅಲ್ಲ ಕಣಣ್ಣ, ಈಗ ಎಲ್ಡು ತಟ್ಟೆ ಬೋಂಡ ತಿಂದ್ರಲ್ಲ, ಚೆನ್ನಾಗದೆ ಚೆನ್ನಾಗದೆ ಅಂತ, ಅದ್ಯಾವ ಗೆಡ್ಡೇದು ಅಂದ್ಕಂಡ್ರಿ?"

ಸೋದರಮಾವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಎದರ್ಕಬೇಡಿ. ಸಿಪ್ಪೆ ಎರೆದ್ರೆ ಒಳಗೆ ಬೆಣ್ಣೆ ಇದ್ದಂಗದೆ. ಕಜ್ಜಿ ಮೇಲ್ಮೇಲೆ. ನಮ್ಮುಡುಗನ ಕೈದು ಕಜ್ಜಿಯಲ್ಲ, ಸುಣ್ಣ ಸುಟ್ಟಿರೋದು. ಇನ್ನೊಂದು ಮಾತು. ಈ ಬಿತ್ತನೆ ಎಲ್ಲೀದು? ನಾವೇನು ಬಾಗೂರ್ ಸಂತೇಲಿ ತಂದ್ವಾ? ನಿಮ್ಮ ಭಾವನ ಗಾಡೀಲೇ ಬಂದದ್ದು. ಇನ್ಸ್‌ಪೆಕ್ಟ್ರು ಬಂದು ಇದು ರೋಗದ್ದು, ನಾಟ್ಬೇಡಿ ಅಂದ್ರು. ನೆಂಟ್ರು ಮನಸಿಗೆ ನೋವಾಗ್ತದೆ ಅಂತ ನಾಟುದ್ವಿ. ನಿಮ್ಮ ಕಜ್ಜೀನ ನಮ್ಮ ಒಲದಲ್ಲಿ ಸಾಕಿದ್ದೀವಿ. ಅದಕ್ಕೆ ಮರ್ವಾದೆ ಇಲ್ವಾ?"

ಸೋದರಮಾವ ತನ್ನ ಭಾವನ ಕಡೆ ತಿರುಗಿದ. ಭಾವ ಕೆಮ್ಮಿ, "ನಮ್ಮ ಒಲದಾಗೂ ವಸಿ ಅಂಗೇ ಬತ್ತದೆ" ಎಂದ. ಆಮೇಲೆ, "ಅಂಗಾದ್ರೆ ಎರಡು ಮನೇನೂ ಸರಿಸಮ ಆಯ್ತಲ್ಲ" ಎಂದು ತಾನೇ ನಕ್ಕ. ವಲ್ಲಿ ಹೆಗಲಿನಿಂದ ಕೆಳಗಿಳಿಯಿತು. ಅವ್ವ ಇನ್ನೊಂದು ತಟ್ಟೆ ಬೋಂಡ ತಂದಿಟ್ಟಳು. ಸೋದರಮಾವ ಮೊದಲನೆಯದನ್ನು ಮುರಿದು ಒಳಗೆ ನೋಡಿದ. ಎರಡನೆಯದನ್ನು ನೋಡಲಿಲ್ಲ. ತಾಂಬೂಲ ಬದಲಾಯಿತು. ಹೀಗೆ ಜಾತಕದಲ್ಲಿ ಕೂಡಿಬರದಿದ್ದದ್ದು ಕಜ್ಜಿಯಲ್ಲಿ ಕೂಡಿಬಂತು.

ಮದುವೆಯಾಗಿ ಒಂದು ಫಸಲು ಕಳೆಯಿತು. ಹೆಂಡತಿ ಗೆಡ್ಡೆ ಹೆರೆಯುವಾಗಲೆಲ್ಲ "ಎಂಥಾ ಒಲ ನಿಮ್ದು" ಎನ್ನುತ್ತಾಳೆ. "ಎಂಥಾ ಬಿತ್ತನೆ ನಿಮ್ದು" ಎನ್ನುತ್ತೇನೆ. ಕಂಡಕ್ಟರನಿಗೆ ಬಿದ್ದ ಬೈಗುಳ ಏನೇನೂ ಅಲ್ಲವೆಂದು ಈಗ ಗೊತ್ತಾಗಿದೆ. ಅಪ್ಪನ ಬುದ್ಧಿಯನ್ನು ಊರ ತುಂಬ ಆಡಿಕೊಂಡು ತಿರುಗುವವನು ನಾನು: ಗೋಡೆಯದನ್ನು ಹೊಲಕ್ಕೆ ಹಾಕಿದ, ಹೊಲದ್ದನ್ನು ಮಗನಿಗೆ ಹಚ್ಚಿದ, ದಾಕ್ಷಿಣ್ಯಕ್ಕೆ ರೋಗ ಬಿತ್ತಿದ ಎಂದು. ಇನ್ಸ್‌ಪೆಕ್ಟರನ್ನು ಹುಡುಕಿಕೊಂಡು ಹೋಗಿ ಹೊಸ ಪೊಟ್ಟಣ ಗಂಧಕವನ್ನೂ ತಂದಿದ್ದೆ. ಒಳ್ಳೆಯ ಬಿತ್ತನೆಯನ್ನೇ ನಾಟುವುದೆಂದು ಅವರಿಗೆ ಮಾತು ಕೊಟ್ಟಿದ್ದೆ. ನಿನ್ನೆ ಬೆಳಗ್ಗೆ ಅಂಗಳಕ್ಕೆ ಗಾಡಿ ಬಂತು. ಹೆಂಡತಿಯ ಅಪ್ಪ, ನನ್ನ ಮಾವ, ತಾನೇ ಹೊಡೆದುಕೊಂಡು ಬಂದಿದ್ದ. ಮೂಟೆ ಬಿಚ್ಚಿದೆ. ಒಂದಾದರೂ ನುಣ್ಣಗಿದ್ದರೆ ಕೇಳಿ, ಎಲ್ಲ ನೆಲಗಪ್ಪೆಗಳೇ.

"ಎಂಗವೆ ಅಳಿಯಂದ್ರೇ, ಬಿತ್ತನೆ?" ಅಂದ ಮಾವ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಾಳ ಚೆನ್ನಾಗವೆ ಮಾವ" ಅಂದೆ.

ಇವತ್ತು ನಾಟಿ. ನಾನು ಹೇಳುವುದು ಇನ್ನೇನೂ ಇಲ್ಲ.