ಗೆರೆಯ ಕೆಳಗೆ ವರ್ಗಮೂಲ ಸಹಿಸದ ನಾದಿನಿ

ಮಕ್ಕಳೇ, ನಿಮ್ಮ ಮುಳಬಾಗಿಲಜ್ಜಿ, ಅಂದರೆ ನಿಮ್ಮ ತಾತನ ತಂಗಿ, ಹಾವಿಗೂ ಹೆದರುವವಳಲ್ಲ. ಆದರೆ ಭಿನ್ನರಾಶಿಯ ಗೆರೆಯ ಕೆಳಗೆ ಒಂದು ವರ್ಗಮೂಲ ಕಂಡರೆ ಊಟ ಬಿಟ್ಟು ಏಳುತ್ತಾಳೆ! ಮದುವೆಯ ಗೊಡವೆಗೇ ಹೋಗದೆ, ದಿನವೂ ಕನಕಾಂಬರ ಮುಡಿದು, ಮೂವತ್ತು ವರ್ಷ ಗಣಿತ ಕಲಿಸಿದವಳು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ.

ಒಮ್ಮೆ ನೆಂಟರ ಹುಡುಗಿಗೆ ಗಂಡು ನೋಡಲು ಮಾಲೂರಿಗೆ ಹೋಗಿದ್ದೆವು. ಹುಡುಗ ಇಂಜಿನಿಯರ್. ಇವಳು ಚೀಟಿಯಲ್ಲಿ ಒಂದು ಎಂಬ ಅಂಕಿ ಬರೆದು, ಗೆರೆ ಎಳೆದು, ಕೆಳಗೆ ರೂಟ್ ಎರಡು ಬರೆದು, ಸರಳ ಮಾಡಪ್ಪ ಎಂದಳು. ಸರಳವಾಗಿಯೇ ಇದೆಯಲ್ಲ ಎಂದು ಅವನು ನಕ್ಕ. ವಾಪಸು ಬಸ್ಸಿನಲ್ಲಿ ಇವಳ ತೀರ್ಪು ಬಂತು: "ಹುಡುಗ ಚಿನ್ನ. ಛೇದ ಸರಿಯಿಲ್ಲ." ಮದುವೆಯೇನೋ ಆಯಿತು. ಇವಳ ಉಡುಗೊರೆ ಒಂಬತ್ತನೇ ತರಗತಿಯ ಗಣಿತ ಪುಸ್ತಕ!

ಇಂಥವಳು, ನಿಮ್ಮ ತಾತ ಹೋಗಿ ಎರಡು ವರ್ಷವಾದ ಮೇಲೆ, ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಅರ್ಜಿ ತುಂಬಿದಳು. ನಾನೋ, ನಾಲ್ಕು ಜನರೆದುರು ಹೆಸರು ಹೇಳಲೂ ನಾಚುವವಳು. ಹಳ್ಳಿ ಶಾಲೆಯಲ್ಲಿ ಗಣಿತಕ್ಕೇ ನಪಾಸಾಗಿ ಓದು ಬಿಟ್ಟವಳು. ಮತ್ತೆ ನಪಾಸಾದರೆ ನಿಮ್ಮ ಮುಂದೆ ಹೇಗೆ ಮುಖ ಎತ್ತಲಿ?

ಅವರೆಕಾಯಿ ಸುಲಿಯುತ್ತಾ ಅಡುಗೆಮನೆಯಲ್ಲೇ ಪಾಠ. ಕೆಳಗಿನ ರೂಟ್ ಎರಡನ್ನು ರೂಟ್ ಎರಡರಿಂದಲೇ ಗುಣಿಸಿದರೆ ಬರೀ ಎರಡಾಗುತ್ತದೆ, ಪೀಡೆ ತೊಲಗುತ್ತದೆ. ನಾನು ಹಾಗೇ ಮಾಡಿ, ಮೇಲಿನ ಒಂದನ್ನು ಮುಟ್ಟದೆ, ಉತ್ತರ ಅರ್ಧ ಎಂದು ಬೀಗುತ್ತಾ ತೋರಿಸಿದೆ.

"ಏನತ್ತಿಗೆ, ಪಂಕ್ತಿಭೇದ ಮಾಡ್ತೀರಲ್ಲ? ಕೆಳಗಿನೋರಿಗೆ ಬಡಿಸಿದ್ದು ಮೇಲಿನೋರಿಗೂ ಬಡಿಸ್ಬೇಕು. ಇಬ್ರಿಗೂ ಒಂದೇ ಬಡಿಸಿದ್ರೆ ಬೆಲೆ ಬದಲಾಗಲ್ಲ."

ಜೀವನವಿಡೀ ಬಡಿಸಿದವಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಗಣಿತ ಪರೀಕ್ಷೆಯ ದಿನ ಶ್ರೀನಿವಾಸಪುರದಲ್ಲಿ ಗೇಟಿನವನು ನನ್ನನ್ನು ತಡೆದ. "ಪೇರೆಂಟ್ಸು ಒಳಗೆ ಹೋಗಂಗಿಲ್ಲಮ್ಮ."

"ಪೇರೆಂಟು ನಾನಪ್ಪ," ಎಂದಳು ಇವಳು. "ಪರೀಕ್ಷೆ ಇವರದ್ದು."

ಪ್ರಶ್ನೆಪತ್ರಿಕೆಯಲ್ಲಿ ಗೆರೆಯ ಕೆಳಗೆ ನಮ್ಮ ಪೀಡೆ ಕೂತೇ ಇತ್ತು. ಕೆಳಗೂ ಬಡಿಸಿದೆ, ಮೇಲೂ ಬಡಿಸಿದೆ. ಹೊರಗೆ ಬಂದರೆ ಇವಳು ಉರಿಬಿಸಿಲಲ್ಲಿ ಕೂತಿದ್ದಾಳೆ. ಪಕ್ಕದಲ್ಲೇ ಹುಣಸೆಮರದ ನೆರಳಿದೆ. ಒಳಗೆ ನೀವು ಬೇಯುವಾಗ ಹೊರಗೆ ನಾನು ತಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ ಎಂದಳು. ಹುಚ್ಚಲ್ಲದೆ ಮತ್ತೇನು?

ಪಾಸಾದೆ, ಮಕ್ಕಳೇ! ಗಣಿತದಲ್ಲಿ ಐವತ್ತೆರಡು. ಅಂದು ಅವಳು ಕನಕಾಂಬರದ ಎರಡು ತುಂಡು ತಂದು, ಒಂದನ್ನು ನನ್ನ ತುರುಬಿಗೆ ಮುಡಿಸಿದಳು. ನಿಮ್ಮ ತಾತ ಹೋದಂದಿನಿಂದ ನಾನು ಹೂ ಮುಡಿದಿರಲಿಲ್ಲ. ತೆಗೆಯಲೆಂದು ಕೈ ಎತ್ತಿದೆ. ಅವಳು ನನಗೆ ಬೆನ್ನು ಮಾಡಿ ಕೂತು, ಇನ್ನೊಂದು ತುಂಡನ್ನು ಹಿಂದಕ್ಕೆ ಚಾಚಿದಳು.

"ಇದು ನನಗೆ ಮುಡಿಸಿ ಅತ್ತಿಗೆ. ಅಣ್ಣ ಹೋದ್ಮೇಲೆ ನಾನೂ ಮುಡಿದಿಲ್ಲ."

ವಯಸ್ಸಾಯಿತೆಂದು ಬಿಟ್ಟಿದ್ದಾಳೆ ಅಂದುಕೊಂಡಿದ್ದೆ. ಎತ್ತಿದ ಕೈಯಲ್ಲೇ ಅವಳಿಗೆ ಮುಡಿಸಿದೆ.