ವೇದಿಕೆಯ ಮೇಲೆ ತೂಗುವ ಅನುವಾದ ಫಲಕಕ್ಕೆ, ಗಾಯ ಒತ್ತಿಹಿಡಿದ ತಂದೆಯ ಅಹವಾಲು

ಒಪೆರಾ ಭವನದ ವೇದಿಕೆಯ ನೆತ್ತಿಯ ಮೇಲೆ ಎರಡು ಸರಪಳಿಗಳಲ್ಲಿ ತೂಗುತ್ತಾ, ಪರಭಾಷೆಯ ಹಾಡನ್ನು ನಮ್ಮ ಮಾತಿಗಿಳಿಸಿ ಬೆಳಕಿನ ಅಕ್ಷರಗಳಲ್ಲಿ ತೋರಿಸುವ ಅನುವಾದ ಫಲಕದವರಿಗೆ,

ಮಾನ್ಯರೇ,

ತಮ್ಮ ವಯರುಗಳೂ ದೀಪಗಳೂ ಕ್ಷೇಮವೆಂದು ನಂಬಿ, ತಲೆ ಎತ್ತಿ ನೋಡಿದ್ದರಿಂದ ಇನ್ನೂ ಕುತ್ತಿಗೆ ಉಳುಕಿರುವ ನಾನು ಈ ಪತ್ರವನ್ನು ತಮ್ಮ ಅಡಿದಾವರೆಗಳಿಗೆ, ಅವು ಇಲ್ಲದಿದ್ದಲ್ಲಿ ತಮ್ಮ ಕೆಳಗಿನ ಅಂಚಿಗೆ, ಅರ್ಪಿಸುತ್ತಿದ್ದೇನೆ. ನಾನು ಇಪ್ಪತ್ತಾರು ವರ್ಷಗಳಿಂದ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವ ಸಹಾಯಕ. ಹನ್ನೆರಡು ದಿನಗಳ ಹಿಂದೆ, ಶುಕ್ರವಾರ ಸಂಜೆ, ಜೀವಮಾನದ ಮೊದಲ ಒಪೆರಾ ನೋಡಿದೆ. ಏಳು ವರ್ಷಗಳ ಕಾಲ ಹಿಂದಿನ ಸಾಲಿನ ಗುಂಪಿನಲ್ಲಿ ನಿಂತು ಹಾಡಿದ ನನ್ನ ಮಗಳಿಗೆ ಅಂದು ಮೊದಲ ಬಾರಿ ನಾಯಕಿಯ ಪಾತ್ರ ಸಿಕ್ಕಿತ್ತು.

ಹೊಸಬರಿಗೆಂದು ಬಾಗಿಲಲ್ಲಿ ಕೊಟ್ಟ ಸೂಚನೆಗಳ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಚಪ್ಪಾಳೆ ಯಾವಾಗ ತಟ್ಟಬೇಕು, ಕೆಮ್ಮನ್ನು ಯಾವಾಗ ಮುಗಿಸಿಕೊಳ್ಳಬೇಕು, ಮೊಬೈಲನ್ನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಕತೆ ತಿಳಿಯದಿದ್ದರೆ ಗಾಬರಿಯಾಗಬೇಡಿ, ಫಲಕವನ್ನು ನಂಬಿ ಎಂದು ಕೊನೆಯ ಪುಟದಲ್ಲಿ ಬರೆದಿತ್ತು. ನಾನು ನಂಬಿದೆ.

ತಮ್ಮ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಮಗಳು ನಾಲ್ಕು ನಿಮಿಷ ಹಾಡಿದ್ದನ್ನು ತಾವು 'ನಾನಿನ್ನು ಹೊರಡುತ್ತೇನೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿ ಸುಮ್ಮನಾದಿರಿ. ಹಾಗೆ ಹೇಳಿದ ಮೇಲೂ ಅವಳು ಇನ್ನೂ ಆರು ನಿಮಿಷ ಅಲ್ಲೇ ನಿಂತಿದ್ದಳು. ನಮ್ಮ ಮನೆಗೆ ಬರುವ ನೆಂಟರೂ ಹೊಸ್ತಿಲಲ್ಲಿ ಹೀಗೆಯೇ ಮಾಡುವುದರಿಂದ ಅಲ್ಲಿಯವರೆಗೆ ನನಗೆ ಒಪೆರಾ ಕಷ್ಟವೆನಿಸಲಿಲ್ಲ.

ಮೂರನೆಯ ಅಂಕದಲ್ಲಿ ದಪ್ಪ ಮೀಸೆಯ ಗಾಯಕರೊಬ್ಬರು ಬಂದು ಅವಳ ಹೊಟ್ಟೆಗೆ ಚಾಕು ಹಾಕಿದರು. ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡೆ: ಎಂಟು ಗಂಟೆ ಹದಿನೇಳು ನಿಮಿಷ. ಆಗ ತಾವು 'ರಕ್ತ ಹರಿಯುತ್ತಿದೆ, ಇಲ್ಲಿ ಯಾರೂ ಇಲ್ಲವೇ?' ಎಂದು ತೋರಿಸಿದಿರಿ. ಸಭೆಯಲ್ಲಿ ಒಂಬೈನೂರು ಜನರಿದ್ದರು, ಯಾರೂ ಮಿಸುಕಲಿಲ್ಲ. ತಾವು ಮತ್ತೆ ಕೇಳಿದಿರಿ. ನಾಲ್ಕನೆಯ ಸಲ ಕೇಳಿದಾಗ ಎಂಟು ಇಪ್ಪತ್ತಾರು ಆಗಿತ್ತು. ನಾನು ಎದ್ದೆ. ನನ್ನ ಹೆಂಡತಿ ಕೋಟಿನ ತುದಿ ಹಿಡಿದೆಳೆದಳು, ಒಂದು ಗುಂಡಿ ಅವಳ ಕೈಯಲ್ಲೇ ಉಳಿಯಿತು.

ಪಕ್ಕದ ಮೆಟ್ಟಿಲು ಹತ್ತಿ ಮಗಳ ಬಳಿ ಮಂಡಿಯೂರಿದ್ದು, ನಾಡಿ ಸಿಗುತ್ತಿದೆ ಎಂದು ಸಭೆಗೆ ಕೇಳುವಂತೆ ಹೇಳಿದ್ದು, ಕೋಟು ಮಡಿಚಿ ಹೊಟ್ಟೆಯ ಮೇಲಿಟ್ಟು ಎರಡೂ ಕೈಗಳಿಂದ ಒತ್ತಿಹಿಡಿದದ್ದು ಎಲ್ಲವೂ ಸತ್ಯ. ಗಾಯವನ್ನು ಒತ್ತಿಹಿಡಿಯಬೇಕೆಂಬುದು ನಮ್ಮ ಕೆಲಸದ ಮೊದಲ ಪಾಠ. ಹಾಡುವ ಉಸಿರು ಹೊಟ್ಟೆಯಿಂದಲೇ ಏಳಬೇಕೆಂಬುದು ಅವರ ಕೆಲಸದ ಮೊದಲ ಪಾಠವಂತೆ. ಅವಳು ಎಂಟು ತಿಂಗಳು ಅಭ್ಯಾಸ ಮಾಡಿದ್ದ ಎಲ್ಲಕ್ಕಿಂತ ಮೇಲಿನ ಸ್ವರ ನನ್ನ ಅಂಗೈಗಳ ಕೆಳಗೆ ಅರ್ಧಕ್ಕೇ ನಿಂತುಹೋಯಿತು. ವಾದ್ಯವೃಂದವನ್ನು ನಡೆಸುವವರು ಕೋಲು ಇಳಿಸಿದರು. ಜನ ನಕ್ಕರು. ತಾವು ಮಾತ್ರ ಐದನೆಯ ಸಲ ಯಾರೂ ಇಲ್ಲವೇ ಎಂದು ಕೇಳುತ್ತಲೇ ಇದ್ದಿರಿ.

ಆಮೇಲೆ ಬಣ್ಣದ ಕೋಣೆಯಲ್ಲಿ ಮಗಳು ಕನ್ನಡಿಯಿಂದ ಮುಖ ತಿರುಗಿಸದೆ, "ಅಪ್ಪಾ, ಇನ್ನೆರಡು ನಿಮಿಷ ಬಿಟ್ಟಿದ್ರೆ ನಾನೇ ಸಾಯ್ತಿದ್ನಲ್ಲ," ಎಂದಳು. ಅಂದಿನಿಂದ ಫೋನಿಲ್ಲ. ಮುಂದಿನ ಪ್ರದರ್ಶನಗಳಿಗೆ ಅವಳನ್ನೇ ಉಳಿಸಿಕೊಂಡಿದ್ದಾರೆಂದು ಅವಳ ತಾಯಿಯಿಂದ ತಿಳಿದು ಸಮಾಧಾನವಾಯಿತು. ಆದರೆ ಅವಳು ನನ್ನೊಂದಿಗೆ ಮಾತಾಡದೆ ನನಗೆ ಅನ್ನ ಸೇರುತ್ತಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ಇರಿತದ ದೃಶ್ಯಗಳಲ್ಲಿ 'ಚಾಕು ಮರದ್ದು' ಎಂದು ಮೂಲೆಯಲ್ಲಾದರೂ ಹಾಕಿಸಿ. 'ಈ ಪ್ರಶ್ನೆ ಸಭಿಕರಿಗಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರೆಯಿರಿ. ಬಿದ್ದವರ ರಕ್ತದೊತ್ತಡವನ್ನು ನಿಮಿಷಕ್ಕೊಮ್ಮೆ ತೋರಿಸಿದರೆ ನನ್ನಂಥವರು ಕುರ್ಚಿಯಲ್ಲೇ ಇರುತ್ತೇವೆ.

ಇನ್ನೊಂದು ವಿನಂತಿ ತುಸು ಅತಿಯಾಯಿತೇನೋ. ಬಿಡುವಾದಾಗ ಸರಪಳಿ ಕಳಚಿಕೊಂಡು ನಮ್ಮ ಮನೆಗೆ ಬಂದು, ಊಟದ ಮೇಜಿನ ಮೇಲೆ ತೂಗಬಹುದೇ? ಒಂಬತ್ತು ವರ್ಷಗಳ ಹಿಂದೆ ನರ್ಸಿಂಗ್ ಓದು ಬಿಟ್ಟು ಸಂಗೀತ ಶಾಲೆಗೆ ಸೇರಿದ್ದೇನೆಂದು ಅವಳು ಹೇಳಿದಾಗ ನಾನು ತಟ್ಟೆ ಸರಿಸಿ ಎದ್ದುಹೋಗಿದ್ದೆ. ಆಮೇಲೆ ಅವಳು ಟಿಕೆಟು ಕೊಡಲು ಬಂದಾಗಲೆಲ್ಲ ನನಗೆ ಡ್ಯೂಟಿ ಇರುತ್ತಿತ್ತು, ಇಲ್ಲದಿದ್ದರೆ ಹಾಕಿಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಅವಳು 'ಏನಿಲ್ಲ, ಬಿಡಿ' ಎನ್ನುತ್ತಿದ್ದಳು. ನಾಲ್ಕು ನಿಮಿಷದ ಹಾಡನ್ನು ಒಂದು ಸಾಲಿಗಿಳಿಸುವ ತಾವು, ಆ ಎರಡು ಮಾತನ್ನು ಬಿಡಿಸಿ ಪೂರ್ತಿಯಾಗಿ ಬರೆದು ತೋರಿಸಿದ್ದರೆ ನಾನು ಅಂದೇ ಓದಿಕೊಳ್ಳುತ್ತಿದ್ದೆ. ಅಷ್ಟು ಮಾತ್ರದ ಅಕ್ಷರಜ್ಞಾನ ನನಗಿದೆ.

ತಮ್ಮ ಬೆಳಕು ಎಂದೂ ಕುಂದದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಕೋಟಿಗೆ ಗುಂಡಿ ಹಾಕಿಸಬೇಕಾಗಿರುವ ಆಂಬುಲೆನ್ಸ್ ಸಹಾಯಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮಗಳಿಂದ ಅಂಚೆ ಬಂತು. ಚೀಟಿಯಿಲ್ಲ, ಪತ್ರವಿಲ್ಲ, ಬರುವ ಶನಿವಾರದ ಒಂದು ಟಿಕೆಟು ಮಾತ್ರ. ಸೀಟು ಸಾಲಿನ ನಟ್ಟನಡುವೆ, ಯಾವ ಕಡೆಗೆ ಎದ್ದು ಹೊರಟರೂ ಹದಿನಾಲ್ಕು ಜನರ ಮಂಡಿ ದಾಟಬೇಕು. ಅಂದು ತಾವು ಎಷ್ಟೇ ಸಲ ಕರೆದರೂ ನಾನು ತಲೆ ಎತ್ತುವುದಿಲ್ಲ, ಮನ್ನಿಸಬೇಕು. ಕಳೆದ ಸಲ ತಮ್ಮನ್ನು ಓದುವ ಗಡಿಬಿಡಿಯಲ್ಲಿ ಮಗಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ.